ಕೃಷಿ ಮೇಳದಲ್ಲಿ ಒಂದು ಕಾಲು ಚಪ್ಪಲಿ

ನಮಸ್ಕಾರ. ಬಳ್ಳಾರಿಯಿಂದ ರಾಯಚೂರಿನ ಕೃಷಿ ಮೇಳಕ್ಕೆ ಬಂದಿದ್ದೇನೆ. ಜನ ಎಷ್ಟಿದ್ದಾರೆಂಬುದು ನಿಮಗೇ ಕಾಣುತ್ತಿದೆ. ಈ ವಿಡಿಯೊದ ಚಿತ್ರ ಏಕೆ ಕುಂಟುತ್ತಿದೆ ಎಂದು ಮಾತ್ರ ಹೇಳಬೇಕು: ಬಲಗಾಲಿನಲ್ಲಿ ಚಪ್ಪಲಿ ಇಲ್ಲ.

ಒದ್ದೆ ಎರೆಮಣ್ಣಿನ ಗುಣ ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೂ ಟ್ರ್ಯಾಕ್ಟರ್ ಪೂರ್ತಿ ಕಾಣಲಿ ಎಂದು ಹಿಂದೆ ಹಿಂದೆ ಸರಿದೆ. ಕಾಲು ಮೇಲೆ ಬಂತು, ಚಪ್ಪಲಿ ಬರಲಿಲ್ಲ. ಕೈ ಹಾಕಿ ಎಳೆದರೆ ಉಂಗುಷ್ಟ ಮಾತ್ರ ಕಿತ್ತು ಬಂತು. ಹೊರಗೆ ಹವಾಯಿ ಚಪ್ಪಲಿ ಮಾರುವವನು 250 ರೂಪಾಯಿ ಎಂದ. ನನ್ನ ಮುಖವನ್ನೂ ನೋಡಲಿಲ್ಲ, ಕಾಲನ್ನು ನೋಡಿಯೇ ಬೆಲೆ ಕಟ್ಟಿದ. ಬಲಗಾಲಿನದೊಂದನ್ನೇ 125ಕ್ಕೆ ಕೊಡುತ್ತೀಯಾ ಎಂದರೆ ನಗಲೂ ಇಲ್ಲ. ಸಿಟ್ಟಿನಲ್ಲಿ ಬರಿಗಾಲಲ್ಲೇ ಬಂದುಬಿಟ್ಟೆ.

ಇಗೋ, ಹಗ್ಗ ಕಟ್ಟಿ ನಿಲ್ಲಿಸಿರುವ ಮರದ ಕೂರಿಗೆ, ಸಾಲಾಗಿ ಬೀಜ ಬಿತ್ತುವ ಸಾಧನ. ಶಾಲೆಯ ಮಕ್ಕಳು ಇದರ ಮುಂದೆ ನಿಲ್ಲುತ್ತಲೇ ಇಲ್ಲ, ಎಲ್ಲರೂ ಡ್ರೋನ್ ಕಡೆಗೆ ಓಡುತ್ತಿದ್ದಾರೆ. ಕೂರಿಗೆಯೆಂದರೆ ಯುರೋಪಿನ ಹೊಸ ಆವಿಷ್ಕಾರ ಎಂದುಕೊಂಡಿದ್ದ ಬ್ರಿಟಿಷ್ ಕ್ಯಾಪ್ಟನ್ ಹಾಲ್ಕಾಟ್ ದಕ್ಷಿಣ ಭಾರತದ ಹೊಲಗಳಲ್ಲಿ ಅದನ್ನು ಕಂಡು ಬೆರಗಾದ. ಅವನ ಬರಹ 1797ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಆಮೇಲೆ ಅದೇ ಬ್ರಿಟಿಷರ ಸರ್ಕಾರ 1865ರಲ್ಲಿ ಮದರಾಸಿನ ಸೈದಾಪೇಟೆಯಲ್ಲಿ ಪ್ರಯೋಗ ಕ್ಷೇತ್ರ ತೆರೆದು, ಕಬ್ಬಿಣದ ನೇಗಿಲು ತರಿಸಿ ನಮಗೇ ಬೇಸಾಯದ ಪಾಠ ಹೇಳಿತು. ನಮಗೆ ಎಂದರೆ ಆಗ ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿಯವರಿಗೆ. ರಾಯಚೂರಿನವರು ಆಗ ನಿಜಾಮನ ಪ್ರಜೆಗಳು.

ಶಾಲೆಯ ಕಥೆಯೂ ಇದೇ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಎಣಿಸಿದ: 533 ಶಾಲೆ, 6,641 ಮಕ್ಕಳು. ಮರಳಿನ ಮೇಲೆ ಅಕ್ಷರ, ಮುಂದಿದ್ದ ಮಕ್ಕಳೇ ಹಿಂದಿದ್ದವರಿಗೆ ಗುರುಗಳು. ಇಂಗ್ಲೆಂಡು ಈ ಪದ್ಧತಿಯನ್ನು ಅನುಕರಿಸಿದ್ದು ಸರಿಯೇ ಎಂದು ಅವನೇ ಬರೆದ. ದೇಶ ಬಡವಾಗಿ ಶಾಲೆಗಳು ಮುಚ್ಚುತ್ತಿವೆ ಎಂದೂ ಬರೆದ. ಪದ್ಧತಿ ಹಡಗು ಹತ್ತಿತು, ಇಲ್ಲಿ ಪಾಠ ಹೇಳುತ್ತಿದ್ದ ಐಗಳು ಹಸಿದುಕೊಂಡಿದ್ದರು.

ಸಿಟ್ಟು ಏರುತ್ತಿದೆ, ಆದರೆ ಅದೇ ಪಟ್ಟಿಯಲ್ಲಿ ಹಿಂದೂ ಹುಡುಗಿಯರು ಬರೀ 60. ನಮ್ಮ ಮುತ್ತಜ್ಜಿಯ ಅಜ್ಜಿ ಅದರಲ್ಲಿ ಇದ್ದಿರಲಾರಳು. ಹೀಗಾಗಿ ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಅಲ್ಲದೆ ಬ್ರಿಟಿಷರ ಕಾಲದ ಹಗರಿ ಕೃಷಿ ಸಂಶೋಧನಾ ಕೇಂದ್ರದಿಂದಲೇ ಅಪ್ಪ ಜೋಳದ ಬೀಜ ತರುತ್ತಿದ್ದರು. ಅದನ್ನು ಬೈಯಲು ಬಾಯಿ ಬರುವುದಿಲ್ಲ. ಕಬ್ಬಿಣದ ನೇಗಿಲಿನ ವಿಷಯದಲ್ಲಿ ಮಾತ್ರ...

ಅಯ್ಯೋ, ಡ್ರೋನ್ ಏರಿಯೇಬಿಟ್ಟಿತು, ನೋಡಿ, ಅಷ್ಟೇ ಸಿಕ್ಕಿದ್ದು. ಅತ್ತ ಚಪ್ಪಲಿಯವನು ಗಂಟು ಕಟ್ಟುತ್ತಿದ್ದಾನೆ. ಅಣ್ಣಾ, ನಿಲ್ಲಣ್ಣಾ, ಇನ್ನೂರಕ್ಕೆ ಕೊಡುತ್ತೀಯಾ?