ಗಾಳಿ ಇಳಿಸಿ, ಕಾಲುವೆ ಹಿಡಿಯಿರಿ

ಕೇಳುಗರಿಗೆಲ್ಲ ನಮಸ್ಕಾರ. ದಕ್ಷಿಣ ಫ್ರಾನ್ಸಿನ ಕಾಡು ಮತ್ತು ಕಾಲುವೆ ದಾರಿಗಳಲ್ಲಿ ಗ್ರಾವೆಲ್ ಬೈಕ್ ಸವಾರಿ ಹೇಗಿರುತ್ತದೆ, ಅದರ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಮಾತಾಡುತ್ತೇನೆ. ಆದರೆ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಸಮಯ ಸಾಲದೆ ಹೋದರೂ ಚಿಂತೆಯಿಲ್ಲ. ನಿಮ್ಮ ಟೈರಿನಲ್ಲಿ ಗಾಳಿ ಜಾಸ್ತಿ ಇದೆ. ಇಳಿಸಿ.

ನಗಬೇಡಿ. ಈ ಸವಾರಿಗೆ ಹೊರಟವರು ನನ್ನ ಹತ್ತಿರ ಬಂದು ಕೇಳುವುದೆಲ್ಲ ಬೇರೆಯೇ. ಯಾವ ಕಂಪನಿ ಸೈಕಲ್ಲು, ಎಷ್ಟು ಗೇರು, ಕಾರ್ಬನ್ ತಗೊಳ್ಳಲಾ, ಅಲ್ಯೂಮಿನಿಯಂ ಸಾಕಾ? ಟೈರಿಗೆ ಎಷ್ಟು ಗಾಳಿ ಹೊಡೆಸಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಲಕ್ಷ ರೂಪಾಯಿಯ ಸೈಕಲ್ಲು, ಟೈರು ಮಾತ್ರ ಕಲ್ಲು. ಏನು ಪ್ರಯೋಜನ ಹೇಳಿ?

ಗ್ರಾವೆಲ್ ಬೈಕ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ನೋಡಲು ರೇಸ್ ಸೈಕಲ್ಲಿನ ಹಾಗೇ, ಹ್ಯಾಂಡಲ್ ಕೆಳಕ್ಕೆ ಬಾಗಿರುತ್ತದೆ. ಟೈರು ಮಾತ್ರ ಅಗಲ, 40 ಮಿಲಿಮೀಟರಿನ ಆಸುಪಾಸು. ಡಾಂಬರು ಮುಗಿದ ಮೇಲೂ ಇದರಲ್ಲಿ ಹೋಗಬಹುದು. ಜಲ್ಲಿ, ಮಣ್ಣು, ಒಣ ಎಲೆ, ಬೇರು, ಎಲ್ಲದರ ಮೇಲೂ ನಡೆಯುತ್ತದೆ. ಯಾಕೆ ನಡೆಯುತ್ತದೆ? ಟೈರು ಗಟ್ಟಿಯಾಗಿದ್ದರೆ, ದಾರಿಯಲ್ಲಿ ಕಲ್ಲು ಸಿಕ್ಕಾಗಲೆಲ್ಲ ಸೈಕಲ್ಲೂ ನೀವೂ ಒಟ್ಟಿಗೇ ಮೇಲಕ್ಕೆ ಹಾರುತ್ತೀರಿ. ಹಾಗೆ ಎತ್ತುವ ಶಕ್ತಿ ನಿಮ್ಮ ಕಾಲಿನಿಂದಲೇ ಹೋಗಬೇಕು. ಟೈರು ಮೆತ್ತಗಿದ್ದರೆ ಆ ಕಲ್ಲನ್ನು ಟೈರೇ ನುಂಗಿಕೊಳ್ಳುತ್ತದೆ. ನೀವು ಸುಮ್ನೆ ಮುಂದೆ ಹೋಗುತ್ತೀರಿ. ಇಷ್ಟೇ ವಿಷಯ.

ಇದು ಗೊತ್ತಿಲ್ಲದ ಹೊಸ ವಿಷಯವೂ ಅಲ್ಲ. ಒಂದು ಕಾಲದಲ್ಲಿ ಸೈಕಲ್ ಚಕ್ರಕ್ಕೆ ಗಟ್ಟಿ ರಬ್ಬರ್ ಇರುತ್ತಿತ್ತು. 1888ರಲ್ಲಿ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಗಾಳಿ ತುಂಬುವ ಟೈರು ಮಾಡಿದ. ಮೂರೇ ವರ್ಷಕ್ಕೆ ಫ್ರಾನ್ಸಿನ ಮಿಶೆಲಿನ್ ಅಣ್ಣತಮ್ಮಂದಿರು ಚಕ್ರದಿಂದ ಬಿಚ್ಚಿ ಹಾಕಬಹುದಾದ ಟೈರು ತಂದರು. 1891ರಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟ್‌ಗೆ ಹೋಗಿ ವಾಪಸ್ ಬರುವ, 1200 ಕಿಲೋಮೀಟರಿನ ಪಂದ್ಯ ನಡೆಯಿತು. ಶಾರ್ಲ್ ತೆರೋಂ ಆ ಟೈರು ಹಾಕಿಕೊಂಡು ಮೂರು ದಿನದೊಳಗೆ ಮುಗಿಸಿ ಗೆದ್ದ. ಅಂದರೆ ನೋಡಿ, ಮೆತ್ತಗಿರಲಿ ಅಂತಲೇ ಟೈರಿಗೆ ಗಾಳಿ ತುಂಬಲು ಶುರು ಮಾಡಿದ್ದು. ನಾವು ತುಂಬಿ ತುಂಬಿ ಅದನ್ನು ಮತ್ತೆ ಗಟ್ಟಿ ರಬ್ಬರ್ ಮಾಡಿಕೊಂಡಿದ್ದೇವೆ.

ಸರಿ, ಈಗ ದಾರಿಗೆ ಬರೋಣ. ನಾನು ಹೇಳುತ್ತಿರುವುದು ಕೆನಾಲ್ ದ್ಯು ಮಿದಿ ಎಂಬ ಕಾಲುವೆ. ತುಲೂಜ್ ನಗರದಿಂದ ಮೆಡಿಟರೇನಿಯನ್ ದಡದ ತೋ ಎಂಬ ಹಿನ್ನೀರಿನ ತನಕ, 240 ಕಿಲೋಮೀಟರ್. ಇದನ್ನು ತೋಡಿಸಿದ ಪಿಯರ್ ಪಾಲ್ ರಿಕೆ ಎಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವನು. ಹದಿನಾಲ್ಕನೇ ಲೂಯಿ ರಾಜನ ಒಪ್ಪಿಗೆ ಪಡೆದು 1666ರಲ್ಲಿ ಕೈ ಹಾಕಿದ. ಒಂದು ಹಂತದಲ್ಲಿ 12,000 ಜನ ಕೆಲಸ ಮಾಡುತ್ತಿದ್ದರು, ಅವರಲ್ಲಿ ಹೆಂಗಸರೂ ಇದ್ದರು. 1680ರಲ್ಲಿ ರಿಕೆ ತೀರಿಕೊಂಡ. ಕಾಲುವೆ ತೆರೆದದ್ದು 1681ರಲ್ಲಿ. ಕೆಲವೇ ತಿಂಗಳು ಕಾದಿದ್ದರೆ ಕಣ್ಣಾರೆ ನೋಡುತ್ತಿದ್ದ, ಪಾಪ.

ಅವನಿಗೆ ಎದುರಾದ ದೊಡ್ಡ ತಲೆನೋವು ನೊರೂಜ್ ಎಂಬ ಜಾಗ. ಸಮುದ್ರಮಟ್ಟದಿಂದ ಸುಮಾರು 190 ಮೀಟರ್ ಎತ್ತರ. ಅಲ್ಲಿ ಬಿದ್ದ ಮಳೆ ಒಂದು ಕಡೆ ಅಟ್ಲಾಂಟಿಕ್ಕಿಗೆ ಹೋಗುತ್ತದೆ, ಇನ್ನೊಂದು ಕಡೆ ಮೆಡಿಟರೇನಿಯನ್ನಿಗೆ. ಕಾಲುವೆಯ ಅತಿ ಎತ್ತರದ ಜಾಗಕ್ಕೇ ನೀರು ತರಬೇಕು. ಎಲ್ಲಿಂದ? ಅವನು ತಲೆ ಎತ್ತಿ ಉತ್ತರಕ್ಕೆ, ಕಪ್ಪು ಬೆಟ್ಟ ಅಂತ ಕರೆಯುವ ಮೊಂತಾನ್ ನ್ವಾರ್ ಕಡೆ ನೋಡಿದ. ಆ ಕಾಡಿನ ಹಳ್ಳಗಳಿಗೆಲ್ಲ ಅಡ್ಡ ಕಟ್ಟಿ, ಸಣ್ಣ ಸಣ್ಣ ನಾಲೆ ತೆಗೆದು, ಸ್ಯಾಂ ಫೆರೆಯೋಲ್‌ನಲ್ಲಿ ಅಣೆಕಟ್ಟು ಕಟ್ಟಿಸಿ ನೀರನ್ನು ಇಳಿಸಿಕೊಂಡು ಬಂದ.

ನಮಗೆ ಬೇಕಾದದ್ದು ಈ ಸಣ್ಣ ನಾಲೆಗಳೇ. ಜನ ದೊಡ್ಡ ಕಾಲುವೆ ನೋಡಿ ಫೋಟೋ ಹೊಡೆದುಕೊಂಡು ವಾಪಸ್ ಬಂದುಬಿಡುತ್ತಾರೆ. ನೊರೂಜ್‌ನಲ್ಲಿ ಬಲಕ್ಕೂ ಎಡಕ್ಕೂ ನೋಡಿದರೆ ದೋಣಿ, ದೋಣಿ. ಆದರೆ ಅಲ್ಲೇ ಮರಗಳ ನಡುವೆ ಎರಡಾಳು ಅಗಲದ ನೀರು ತಣ್ಣಗೆ ಬಂದು ಸೇರುತ್ತಿರುತ್ತದೆ. ಆ ನೀರಿಗೆ ಎದುರಾಗಿ ಹೋಗಿ. ಪಕ್ಕದಲ್ಲೇ ಮಣ್ಣಿನ ದಾರಿ ಇದೆ. ಗೋಧಿ ಹೊಲ, ಸೂರ್ಯಕಾಂತಿ ಹೊಲ ದಾಟಿ ರೆವೆಲ್ ಊರಿನ ತನಕ ಸುತ್ತಿ ಸುತ್ತಿ ಹೋಗುತ್ತದೆ. ಮಂಡ್ಯದ ಕಡೆ ನಾಲೆ ಏರಿ ಮೇಲೆ ಸೈಕಲ್ ಹೊಡೆದವರಿಗೆ ಈ ಸುಖ ಗೊತ್ತು. ನೀರಿಗೆ ದಿಣ್ಣೆ ಹತ್ತಲು ಬರುವುದಿಲ್ಲ, ಹಾಗಾಗಿ ನೀರಿನ ಪಕ್ಕದ ದಾರಿಯಲ್ಲಿ ನಿಮಗೂ ದಿಣ್ಣೆ ಸಿಗುವುದಿಲ್ಲ.

ಸ್ಯಾಂ ಫೆರೆಯೋಲ್ ಕೆರೆಗೆ ಮಾತ್ರ ಸ್ವಲ್ಪ ಏರಬೇಕು, ಏದುಸಿರು ಬರುತ್ತದೆ. ಅದರ ಮೇಲೆ ಲೆ ಕಾಮಾಜ್ ಎಂಬ ಹಳ್ಳಿ. ಅಲ್ಲಿ 1680ರ ದಶಕದಲ್ಲಿ ವೋಬಾಂ ಎಂಬ ಸೇನಾ ಎಂಜಿನಿಯರ್ ಗುಡ್ಡದೊಳಗೆ ಸುರಂಗ ಕೊರೆಸಿ ನಾಲೆಯನ್ನು ಆಚೆ ದಾಟಿಸಿದ. 122 ಮೀಟರ್ ಉದ್ದ. ಅಲ್ಲಿಂದ ಮೇಲೆ ಬೀಚ್ ಎಂಬ ಜಾತಿಯ ಮರಗಳ ಕಾಡು. ಮಟ್ಟಸ ದಾರಿ, ಪಕ್ಕದಲ್ಲಿ ಮೊಣಕಾಲುದ್ದ ನೀರು, ನೆಲದ ತುಂಬ ಒದ್ದೆ ಎಲೆ. ಈ ಒದ್ದೆ ಎಲೆ ಮೇಲೆ ಗಟ್ಟಿ ಟೈರು ಜಾರುತ್ತದೆ. ಮೆತ್ತಗಿನ ಟೈರು ನೆಲಕ್ಕೆ ಅಂಟಿಕೊಂಡು ಹೋಗುತ್ತದೆ. ಗಾಳಿ ಇಳಿಸಿ ಅಂತ ಸುಮ್ಮನೆ ಬಡಕೊಳ್ಳುತ್ತಿಲ್ಲ ನಾನು.

ಇದಕ್ಕೊಂದು ಪ್ರಸಂಗ ಹೇಳಲೇಬೇಕು. ವಿಮಾನದ ಕೆಲಸಕ್ಕೆ ಅಂತ ತುಲೂಜ್‌ಗೆ ಹೋದ ಕನ್ನಡದವರು ನಾವು ಕೆಲವರಿದ್ದೆವು. ಅದರಲ್ಲಿ ದಾವಣಗೆರೆಯ ಒಬ್ಬ ಹುಡುಗ. ಗಟ್ಟಿಮುಟ್ಟಾದ ಆಳು, ಕಾಲು ನೋಡಿದರೆ ಹೆದರಿಕೆಯಾಗಬೇಕು. ಹೊಸ ಗ್ರಾವೆಲ್ ಬೈಕ್ ತಗೊಂಡ. ಕಾರ್ಕಸೋನ್ ಕೋಟೆ ತನಕ ಹೋಗೋಣ ಅಂತ ಹೊರಟೆವು. ನಾನು ಟೈರು ಅದುಮಿ ನೋಡಿದೆ, ಬೆರಳು ಒಳಗೇ ಹೋಗಲಿಲ್ಲ.

"ಎಷ್ಟು ಹೊಡೆದಿದ್ದೀಯಾ?" ಅಂದೆ.

"70 ಸಾರ್. ಟೈರ್ ಮೇಲೇ ಬರೆದಿದೆ ನೋಡಿ."

"ಅದು ಇದಕ್ಕಿಂತ ಮೇಲೆ ಹೋಗಬೇಡ ಅಂತ ಬರೆದಿರೋದಪ್ಪ. ಇಷ್ಟು ಹೊಡಿ ಅಂತ ಅಲ್ಲ."

ಕೇಳಲಿಲ್ಲ. ತುಲೂಜ್‌ನಿಂದ ಪೋರ್ ಲೊರಾಗೆ ಎಂಬ ದೋಣಿ ನಿಲ್ದಾಣದ ತನಕ ಸುಮಾರು 50 ಕಿಲೋಮೀಟರ್ ನುಣ್ಣನೆ ಡಾಂಬರು. ಅಲ್ಲಿ ಅವನು ಹಾರಿದ ನೋಡಿ, ನಾನು ಹಿಂದೆ ಚುಕ್ಕಿ. ಆಮೇಲೆ ಡಾಂಬರು ಮುಗಿಯಿತು, ಜಲ್ಲಿ ಶುರುವಾಯಿತು. ಒಂದು ಕಡೆ ಅವನ ನೀರಿನ ಬಾಟಲಿ ಸ್ಟ್ಯಾಂಡಿನಿಂದ ಎಗರಿ ಕಾಲುವೆಗೇ ಬಿತ್ತು. ಕಾಸ್ಟೆಲ್‌ನೊದಾರಿಯಲ್ಲಿ ಊಟ. ಆ ಊರು ಕಾಸುಲೆಗೆ ಹೆಸರುವಾಸಿ. ಬಿಳಿ ಹುರುಳಿಕಾಯಿ ಬೀಜ, ಬಾತುಕೋಳಿ, ಹಂದಿಮಾಂಸ ಎಲ್ಲ ಹಾಕಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಹುಡುಗ ಸಸ್ಯಾಹಾರಿ. ಊರೆಲ್ಲ ಘಮಘಮ, ಇವನ ತಟ್ಟೆಯಲ್ಲಿ ಸೊಪ್ಪು, ಬ್ರೆಡ್ಡು. ಮುಖ ಗಂಟು.

ಊಟ ಆದಮೇಲೆ ಬೇರುಗಳು ಬಂದವು. ಕಾಲುವೆಯ ಎರಡೂ ದಡದಲ್ಲಿ ಪ್ಲೇನ್ ಎಂಬ ಜಾತಿಯ ದೊಡ್ಡ ನೆರಳಿನ ಮರಗಳಿವೆ, ಅವುಗಳ ಬೇರು ದಾರಿಗೆ ಅಡ್ಡ ಎದ್ದಿರುತ್ತವೆ. ಹತ್ತು ಮಾರಿಗೊಂದು ಏಟು. ಒಂದು ಲಾಕ್ ಹತ್ತಿರ ನಿಂತೆವು. ಲಾಕ್ ಅಂದರೆ ಎರಡು ಗೇಟಿನ ನಡುವೆ ನೀರು ತುಂಬಿಸಿ ದೋಣಿಯನ್ನು ಮೇಲೆತ್ತುವ ತೊಟ್ಟಿ. ಇಲ್ಲಿ ಅವು ಮೊಟ್ಟೆಯಾಕಾರ. ಮೊದಲು ನೇರ ಗೋಡೆ ಕಟ್ಟಿಸಿದ್ದ ರಿಕೆ, ಮಣ್ಣಿನ ಒತ್ತಡಕ್ಕೆ ಅದು ಕುಸಿದ ಮೇಲೆ ಗೋಡೆಯನ್ನು ಬಾಗಿಸಿದ. ಹುಡುಗ ಅದೇನೂ ನೋಡಲಿಲ್ಲ. ಕೈ ಜೋಮು ಹಿಡಿದು ಒದರಿಕೊಳ್ಳುತ್ತಾ ನಿಂತಿದ್ದ.

ಅಲ್ಲಿಗೆ ಒಬ್ಬ ಅಜ್ಜಿ ಬಂದರು. ಎಪ್ಪತ್ತು ದಾಟಿರಬೇಕು. ಹಳೇ ಕಬ್ಬಿಣದ ಸೈಕಲ್ಲು, ಕ್ಯಾರಿಯರ್‌ನಲ್ಲಿ ಟೊಮ್ಯಾಟೊ ಸಸಿ. ಇವನ ಕೈ ನೋಡಿದರು, ಬಗ್ಗಿ ಟೈರನ್ನು ಹೆಬ್ಬೆರಳಲ್ಲಿ ಒತ್ತಿದರು. "ಬೆಟೋಂ!" ಅಂದರು. ಕಾಂಕ್ರೀಟು ಅಂತ. ಇವನನ್ನು ಕೇಳಲೂ ಇಲ್ಲ. ವಾಲ್ವಿನ ಮುಚ್ಚಳ ತೆಗೆದು, ತುದಿಯ ಪುಟ್ಟ ನಟ್ಟನ್ನು ಉಗುರಿನಲ್ಲಿ ತಿರುಗಿಸಿ, ಒತ್ತಿದರು. ಪುಸ್ಸ್ ಅಂತ ಗಾಳಿ. "ಅಯ್ಯೋ ಅಜ್ಜೀ, ಬೇಡ ಬೇಡ!" ಅಂತ ಅಪ್ಪಟ ಕನ್ನಡದಲ್ಲಿ ಕೂಗಿದ ಹುಡುಗ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಒತ್ತುವುದು, ಹೆಬ್ಬೆರಳಲ್ಲಿ ಅದುಮಿ ನೋಡುವುದು, ಮತ್ತೆ ಒತ್ತುವುದು. ಬೆರಳು ಚೂರು ಒಳಗೆ ಹೋಯಿತು, ಸಾಕು ಅಂತ ನಿಲ್ಲಿಸಿದರು. ಹಿಂದಿನದಕ್ಕೂ ಹಾಗೇ. ಕೈ ಒರೆಸಿಕೊಂಡು ಸಸಿ ಸರಿಮಾಡಿಕೊಂಡು ಹೊರಟೇಹೋದರು.

ಹುಡುಗ ಗೊಣಗುತ್ತಾ ಹತ್ತಿದ. ಆಮೇಲೆ ನನ್ನ ಕಣ್ಣಿಗೆ ಬಿದ್ದದ್ದು ಬ್ರಾಮ್ ಎಂಬ ಊರಿನಲ್ಲೇ. ಕಾಫಿ ಕುಡಿದು ಮುಗಿಸಿ ಕಾಲು ಚಾಚಿ ಕೂತಿದ್ದ. "ಏನ್ ಸಾರ್ ನೀವು, ಮೊದಲೇ ಹೇಳಬಾರದಿತ್ತಾ?" ಅಂದ!

ಅಜ್ಜಿಯ ಲೆಕ್ಕವನ್ನೇ ಸಂಖ್ಯೆಯಲ್ಲಿ ಹೇಳುತ್ತೇನೆ, ಬರೆದುಕೊಳ್ಳಿ. 40 ಮಿಲಿಮೀಟರ್ ಟೈರು, ನೀವು 70 ಕಿಲೋ ಇದ್ದರೆ, ಹಿಂದಿನ ಟೈರಿಗೆ 35 ಪಿಎಸ್‌ಐ, ಅಂದರೆ ಪಂಪಿನ ಮೀಟರಿನಲ್ಲಿ ಕಾಣುವ ಗಾಳಿಯ ಒತ್ತಡ. ಮುಂದಿನದಕ್ಕೆ ಒಂದೆರಡು ಕಡಿಮೆ. ತೂಕ ಜಾಸ್ತಿಯಿದ್ದರೆ, ಬ್ಯಾಗು ಕಟ್ಟಿದ್ದರೆ ಸ್ವಲ್ಪ ಏರಿಸಿ. 70 ಅಲ್ಲ. 60 ಕೂಡ ಅಲ್ಲ.

ಸಮಯ ಓಡುತ್ತಿದೆ, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಆ ಪ್ಲೇನ್ ಮರಗಳಿಗೆ ಒಂದು ಶಿಲೀಂಧ್ರ ರೋಗ ಬಂದಿದೆ. ಕಾಲುವೆ ಪಕ್ಕದಲ್ಲಿ ಅದು 2006ರಲ್ಲಿ ಕಾಣಿಸಿಕೊಂಡಿತು. ಬೇರಿನಿಂದ ಬೇರಿಗೆ, ನೀರಿನಿಂದಲೂ ಹರಡುತ್ತದೆ, ಮದ್ದಿಲ್ಲ. ಸಾವಿರಾರು ಮರ ಕಡಿದು ಸುಟ್ಟಿದ್ದಾರೆ, ಬೇರೆ ಜಾತಿಯ ಸಸಿ ನೆಡುತ್ತಿದ್ದಾರೆ. ಹಾಗಾಗಿ ಹಳೇ ಫೋಟೋ ನೋಡಿ ನೆರಳು ನಂಬಬೇಡಿ, ಎರಡು ಬಾಟಲಿ ನೀರು ಒಯ್ಯಿರಿ. ಸೆಪ್ಟೆಂಬರ್‌ನಿಂದ ಚಳಿಗಾಲ ಮುಗಿಯುವ ತನಕ ಬೆಟ್ಟದ ಕಾಡಿನಲ್ಲಿ ಹಂದಿ ಬೇಟೆ ನಡೆಯುತ್ತದೆ. ದಾರಿ ಬದಿ ಬೇಟೆಯ ಬೋರ್ಡು ಕಂಡರೆ ಧೈರ್ಯ ತೋರಿಸಲು ಹೋಗಬೇಡಿ, ವಾಪಸ್ ತಿರುಗಿ. ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳಿ. ಕಾಲುವೆಯ ಕಲ್ಲು ಸೇತುವೆಗಳ ಅಡಿಯಲ್ಲಿ ದಾರಿ ಕಿರಿದು, ಎದುರಿನವರು ಕಾಣುವುದಿಲ್ಲ, ಬೆಲ್ ಹೊಡೆಯಿರಿ. ಬೆಜಿಯೆ ಊರಿನಲ್ಲಿ ಸಾಲು ತೊಟ್ಟಿಗಳು ಮೆಟ್ಟಿಲು ಮೆಟ್ಟಿಲಾಗಿ ದೋಣಿ ಇಳಿಸುವುದನ್ನು ನೋಡದೆ ಬರಬೇಡಿ. ಅದಕ್ಕೇ ಒಂದು ಭಾಷಣ ಬೇಕು, ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಗಾಳಿ, ಅಂದರೆ ಈ ಸಲ ಬೀಸುವ ಗಾಳಿ. ಸೆರ್ಸ್ ಅಂತ ಒಂದು, ವಾಯವ್ಯದಿಂದ ಬೀಸುತ್ತದೆ, ಸಮುದ್ರದ ಕಡೆ ಹೊರಟವರನ್ನು ಹಿಂದಿನಿಂದ ತಳ್ಳುತ್ತದೆ. ಓತಾಂ ಅಂತ ಇನ್ನೊಂದು, ಆಗ್ನೇಯದಿಂದ ಮುಖಕ್ಕೇ ಹೊಡೆಯುತ್ತದೆ. ಓತಾಂ ಎದ್ದ ದಿನ ಹಟ ಮಾಡಬೇಡಿ. ತುಲೂಜ್‌ನಿಂದ ಸಮುದ್ರ ದಡದ ಸೆತ್ ಊರಿನ ತನಕ ರೈಲು ಹೆಚ್ಚುಕಡಿಮೆ ಕಾಲುವೆ ಹೋದ ಕಡೆಯೇ ಹೋಗುತ್ತದೆ. ಕಾಸ್ಟೆಲ್‌ನೊದಾರಿ, ಕಾರ್ಕಸೋನ್, ಬೆಜಿಯೆ, ಎಲ್ಲಿ ಬೇಕಾದರೂ ಹತ್ತಬಹುದು. ಪ್ರಾಂತ್ಯದ ರೈಲುಗಳಲ್ಲಿ ಸೈಕಲ್ ನೇತುಹಾಕಲು ಜಾಗ ಇರುತ್ತದೆ. ಬೇಸಿಗೆ ರಜೆಯಲ್ಲಿ ಮಾತ್ರ ಅದು ಬೇಗ ತುಂಬುತ್ತದೆ, ಹಾಗಾಗಿ ಮೇ ತಿಂಗಳಲ್ಲಿ ಹೋಗಿ. ನಮಸ್ಕಾರ.