ಎರಡಾಣೆಯ ಡಾಕ್ಟ್ರು: ಟಿ.ಎಂ.ಎ. ಪೈಗಳ ಬ್ಯಾಂಕೂ ಮನೆಯೂ

ಎಲ್ರಿಗೂ ನಮಸ್ಕಾರ. ಆಮಂತ್ರಣದಲ್ಲಿ "ಡಾ. ಟಿ.ಎಂ.ಎ. ಪೈ, ಬ್ಯಾಂಕರ್ ಮತ್ತು ಕುಟುಂಬವತ್ಸಲ" ಅಂತ ಹಾಕಿದ್ದಾರೆ, ಚಂದ ಉಂಟು, ಆದ್ರೆ ನನಗೆ ಇವೆರಡನ್ನು ಬೇರೆ ಬೇರೆ ಮಾಡಿ ಮಾತಾಡ್ಲಿಕ್ಕೆ ಬರುದಿಲ್ಲ. ಆ ಮನುಷ್ಯನ ಬ್ಯಾಂಕು ಎಲ್ಲಿ ಮುಗೀತದೆ, ಮನೆ ಎಲ್ಲಿ ಶುರುವಾಗ್ತದೆ ಅಂತ ಗೆರೆ ಎಳೀಲಿಕ್ಕೆ ಹೋದ್ರೆ ನಿಮಗೂ ಆಗ್ಲಿಕ್ಕಿಲ್ಲ. ಹೊಗಳುವವ್ರು ಅದನ್ನೇ ಹೊಗಳ್ತಾರೆ, ತಕರಾರು ಮಾಡುವವ್ರದ್ದೂ ಅದೇ ತಕರಾರು, ಎರಡೂ ಹೇಳ್ತೇನೆ.

ಇಲ್ಲಿ ಲಾ ಓದಿದವ್ರು ಇದ್ರೆ ಅವ್ರಿಗೆ ಟಿ.ಎಂ.ಎ. ಪೈ ಅಂದ್ರೆ ಒಂದು ಕೇಸು. 2002ರಲ್ಲಿ ಸುಪ್ರೀಂ ಕೋರ್ಟಿನ 11 ಜಡ್ಜುಗಳು ಕೂತು ಪ್ರೈವೇಟ್ ಕಾಲೇಜುಗಳ ಹಕ್ಕಿನ ಬಗ್ಗೆ ಕೊಟ್ಟ ತೀರ್ಪು ಅದು, ಅಷ್ಟೊತ್ತಿಗೆ ಡಾಕ್ಟ್ರು ತೀರಿಹೋಗಿ 23 ವರ್ಷ ಆಗಿತ್ತು. ಮೆಡಿಕಲ್ ಓದಿದವ್ರಿಗೆ ಅವ್ರು ಅಂದ್ರೆ ಮಣಿಪಾಲ. ನಮ್ಮಂಥ ಬ್ಯಾಂಕಿನವ್ರಿಗೆ ಮಾತ್ರ ಅವ್ರು ಅಂದ್ರೆ ಪಿಗ್ಮಿ, ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ. ನಾನು ಪಿಗ್ಮಿಯ ಬಗ್ಗೆನೇ ಜಾಸ್ತಿ ಮಾತಾಡುದು, ಕಾಲೇಜಿನ ಬಗ್ಗೆ ಬೇಕಾದಷ್ಟು ಜನ ಮಾತಾಡಿ ಆಗಿದೆ.

ತೋನ್ಸೆ ಮಾಧವ ಅನಂತ ಪೈ. ಹುಟ್ಟಿದ್ದು 1898ರ ಏಪ್ರಿಲ್ 30, ಉಡುಪಿ ಹತ್ರದ ಕಲ್ಯಾಣಪುರ. ಮದ್ರಾಸಿಗೆ ಹೋಗಿ ಡಾಕ್ಟರಿಕೆ ಓದಿ ಊರಿಗೇ ಬಂದು ಪ್ರಾಕ್ಟೀಸಿಗೆ ಕೂತ್ರು. 1925ರಲ್ಲಿ ಅಣ್ಣ ಉಪೇಂದ್ರ ಪೈ, ಇಂಜಿನಿಯರ್ ವಾಮನ ಕುಡ್ವರು, ಮತ್ತೆ ಇವ್ರು, ಮೂರು ಜನ ಸೇರಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಅಂತ ಒಂದು ಉದ್ದ ಹೆಸರಿನ ಸಂಸ್ಥೆ ಶುರು ಮಾಡಿದ್ರು, ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು. ಬಂಡವಾಳ 8,000 ರೂಪಾಯಿ. ಆಗ ಕೈಮಗ್ಗದವ್ರ ಸ್ಥಿತಿ ತೀರಾ ಹಾಳಾಗಿತ್ತು, ನೇಕಾರರಿಗೆ ಸಾಲ ಕೊಡ್ಲಿಕ್ಕೆ ಒಂದು ವ್ಯವಸ್ಥೆ ಬೇಕಿತ್ತು, ಅದೇ ಮೂಲ ಉದ್ದೇಶ. ಒಬ್ಬ ವ್ಯಾಪಾರಿ, ಒಬ್ಬ ಇಂಜಿನಿಯರ್, ಒಬ್ಬ ಡಾಕ್ಟ್ರು, ಬ್ಯಾಂಕಿಂಗ್ ಓದಿದವ್ರು ಒಬ್ಬರೂ ಇಲ್ಲ ನೋಡಿ. ಇವತ್ತು ಈ ಮೂರು ಜನ ಲೈಸೆನ್ಸಿಗೆ ಅರ್ಜಿ ಹಾಕಿದ್ರೆ ಎಂತ ಆಗ್ತಿತ್ತು ಅಂತ ನಾನು ಹೇಳುದಿಲ್ಲ.

ಮೂರು ವರ್ಷ ಕಳೆದು 1928ರಲ್ಲಿ ಪಿಗ್ಮಿ ಬಂತು. ಬ್ಯಾಂಕಿನ ಏಜೆಂಟು ದಿನಾ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬರುದು, ಎರಡಾಣೆ ಕೊಟ್ರೂ ತಗೊಳ್ಳುದು. ಎರಡಾಣೆ ಅಂದ್ರೆ ಎಷ್ಟು ಅಂತ ಈಗಿನವ್ರಿಗೆ ಲೆಕ್ಕ ಹೇಳ್ಬೇಕು, ರೂಪಾಯಿಗೆ 16 ಆಣೆ, ದಿನಾ ಎರಡರ ಹಾಗೆ ಒಂದು ವರ್ಷಕ್ಕೆ 730 ಆಣೆ, ಅಂದ್ರೆ 45 ರೂಪಾಯಿ 10 ಆಣೆ, ಬಡ್ಡಿ ಬೇರೆ. ಕೂಲಿ ಮನೆಯವ್ರು ಆ ಕಾಲದಲ್ಲಿ 45 ರೂಪಾಯಿಯನ್ನು ಒಟ್ಟಿಗೆ ನೋಡುದು ಅಂದ್ರೆ ಮದುವೆಗೋ ಕಾಯಿಲೆಗೋ ಸಾಲ ತಂದಾಗ ಮಾತ್ರ. ಇಲ್ಲಿ ಅದು ಅವ್ರದ್ದೇ ದುಡ್ಡು.

ಇದ್ರಲ್ಲಿ ಬುದ್ಧಿವಂತಿಕೆ ಎಲ್ಲಿದೆ ಅಂದ್ರೆ, ಬ್ಯಾಂಕಿನವ್ರು ತಿಂಗಳ ಲೆಕ್ಕದಲ್ಲಿ ಯೋಚನೆ ಮಾಡ್ತಾರೆ, ಸಂಬಳದವನೂ ಹಾಗೇ, ಆದ್ರೆ ಮೀನು ಮಾರುವವಳಿಗೆ, ಮಗ್ಗದವನಿಗೆ, ಹೋಟೆಲಿನ ಮಾಣಿಗೆ ತಿಂಗಳು ಅಂತ ಒಂದು ಇಲ್ಲವೇ ಇಲ್ಲ, ಅವ್ರಿಗೆ ಇರುದು ಸಂಜೆ. ಸಂಜೆ ಕೈಯಲ್ಲಿ ಕಾಸು ಇರ್ತದೆ, ಬೆಳಿಗ್ಗೆಗೆ ಇರುದಿಲ್ಲ. ರೋಗಿಗಳ ಹತ್ರ ಔಷಧಕ್ಕೆ ಯಾಕೆ ಕಾಸು ಇರುದಿಲ್ಲ ಅಂತ ಮನೆ ಮನೆಗೆ ಹೋಗುವ ಡಾಕ್ಟರಿಗೆ ಗೊತ್ತಾದಷ್ಟು ಕೌಂಟರ್ ಹಿಂದೆ ಕೂತ ಮ್ಯಾನೇಜರಿಗೆ ಗೊತ್ತಾಗ್ಲಿಕ್ಕಿಲ್ಲ ಅಂತ ನನ್ನ ಅಭಿಪ್ರಾಯ.

ನಾನು ಕೆಲಸಕ್ಕೆ ಸೇರಿದಾಗ ಪಿಗ್ಮಿ ಏಜೆಂಟರು ಸಂಜೆ ಬ್ರಾಂಚಿಗೆ ಬರುವ ಹೊತ್ತು ಅಂದ್ರೆ ಬೇರೆಯೇ ಗಮ್ಮತ್ತು. ಹೆಗಲಲ್ಲಿ ಚೀಲ, ಒಳಗೆ ರಸೀದಿ ಪುಸ್ತಕ, ಚಿಲ್ಲರೆ, ಮೀನಿನ ವಾಸನೆ ಹಿಡಿದ ನೋಟು. ಒಬ್ರು ಏಜೆಂಟರಿಗೆ ಒಬ್ಬ ಅಮ್ಮನ ಕಾರ್ಡು ತಮ್ಮ ಚೀಲದಲ್ಲೇ ಇಟ್ಟುಕೊಳ್ಬೇಕಿತ್ತು, ಮನೆಯಲ್ಲಿ ಇಟ್ರೆ ಗಂಡ ನೋಡ್ತಾನೆ ಅಂತ. ರೂಲಿನ ಪ್ರಕಾರ ಅದು ತಪ್ಪು, ಕಾರ್ಡು ಗಿರಾಕಿ ಹತ್ರವೇ ಇರ್ಬೇಕು. ಆದ್ರೆ ಆ ಕಾರ್ಡಿನಿಂದಲೇ ಮಗಳ ಫೀಸು ಹೋಯ್ತು. ಬ್ಯಾಂಕು ಮನೆಯೊಳಗೆ ಹೋಗುದು ಅಂದ್ರೆ ಇದು ಮಾರಾಯ್ರೆ, ಮನೆಯ ಯಾವ ಡಬ್ಬಿಯಲ್ಲಿ ದುಡ್ಡು ಉಂಟು, ಯಾರಿಂದ ಮುಚ್ಚಿಡ್ಬೇಕು, ಎಲ್ಲ ಏಜೆಂಟರಿಗೆ ಗೊತ್ತು.

ಬ್ಯಾಂಕಿಗೆ ಲಾಭ ಎಂತ? ಖರ್ಚು ಜಾಸ್ತಿಯೇ, ಕಮಿಷನ್ ಕೊಡ್ಬೇಕು, ಚಿಕ್ಕ ಚಿಕ್ಕ ಎಂಟ್ರಿ ಬರೆದು ಬರೆದು ಗುಮಾಸ್ತರ ಕೈ ಸೋಲ್ತದೆ. ಆದ್ರೆ ಈ ದುಡ್ಡು ಗಟ್ಟಿ. ದೊಡ್ಡ ಡಿಪಾಸಿಟರ್ ಒಂದು ಗಾಳಿಸುದ್ದಿ ಕೇಳಿದ್ರೆ ಮರುದಿನ ಬೆಳಿಗ್ಗೆ ಕ್ಯೂ ನಿಲ್ತಾನೆ, ಪಿಗ್ಮಿಯವ್ರು ನಿಲ್ಲುದಿಲ್ಲ, ಯಾಕಂದ್ರೆ ಸಂಜೆ ಅವ್ರ ಪರಿಚಯದ ಏಜೆಂಟೇ ಬಾಗಿಲಿಗೆ ಬರ್ತಾನಲ್ಲ, ಕೇಳಿದ್ರಾಯ್ತು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿ ಸಣ್ಣ ಬ್ಯಾಂಕುಗಳೆಲ್ಲ ನಡುಗಿದ ಕಾಲದಲ್ಲೂ ಸಿಂಡಿಕೇಟ್ ಬೇರೆ ಸಣ್ಣ ಬ್ಯಾಂಕುಗಳನ್ನು ಒಳಗೆ ಸೇರಿಸಿಕೊಳ್ತಾ ಬೆಳೀತಿತ್ತು.

ಇನ್ನು ಏಜೆಂಟರ ಕಥೆ, ಇದನ್ನು ಹೇಳದಿದ್ರೆ ಭಾಷಣ ಪೂರ್ತಿ ಆಗುದಿಲ್ಲ. ಬ್ಯಾಂಕಿನ ಮುಖ ಅಂದ್ರೆ ಅವ್ರೇ, ಆದ್ರೆ ಅವ್ರು ಬ್ಯಾಂಕಿನ ನೌಕರರಲ್ಲ, ಕಮಿಷನ್ ಮಾತ್ರ. "ಮನೆಯವ್ರ ಹಾಗೆ" ಅಂತ ಎಲ್ರೂ ಹೇಳ್ತಿದ್ರು, ಮನೆಯವ್ರ ಹಾಗೆ ಅಂದ್ರೆ ಗ್ರಾಚ್ಯುಟಿ ಬರುದಿಲ್ಲವಲ್ಲ. ಕೋರ್ಟಿಗೆ ಹೋಗಿ, ಕಡೆಗೆ 2001ರಲ್ಲಿ ಸುಪ್ರೀಂ ಕೋರ್ಟು ಡಿಪಾಸಿಟ್ ಕಲೆಕ್ಟರುಗಳು ಕೂಡ ಕಾನೂನಿನ ಲೆಕ್ಕದಲ್ಲಿ ಕಾರ್ಮಿಕರೇ ಅಂತ ಹೇಳ್ತು. ಪಿಗ್ಮಿ ಶುರುವಾಗಿ 73 ವರ್ಷ ಆದ ಮೇಲೆ.

ಈಗ ಕುಟುಂಬದ ವಿಷಯ. ಉಪೇಂದ್ರ ಪೈಗಳ ಮಗ ಟಿ.ಎ. ಪೈ, ಅಂದ್ರೆ ಡಾಕ್ಟ್ರಿಗೆ ಅಣ್ಣನ ಮಗ, ಚಿಕ್ಕಪ್ಪನ ಕೈಕೆಳಗೇ ಬ್ಯಾಂಕಿಂಗ್ ಕಲ್ತವ್ರು. 1969ರ ಜುಲೈ 19ಕ್ಕೆ ಇಂದಿರಾ ಗಾಂಧಿ 14 ಬ್ಯಾಂಕು ರಾಷ್ಟ್ರೀಕರಣ ಮಾಡಿದ್ರು, 50 ಕೋಟಿಗಿಂತ ಜಾಸ್ತಿ ಡಿಪಾಸಿಟ್ ಇದ್ದವು, ಅದ್ರಲ್ಲಿ ನಮ್ಮ ಜಿಲ್ಲೆಯದ್ದೇ ಎರಡು, ಕೆನರಾ ಮತ್ತೆ ಸಿಂಡಿಕೇಟ್. ಅಣ್ಣ ತಮ್ಮ ಸೇರಿ ಕಟ್ಟಿದ್ದು ಒಂದು ರಾತ್ರಿಯಲ್ಲಿ ಸರಕಾರದ್ದಾಯ್ತು. ಬೇರೆ ಮನೆ ಆಗಿದ್ರೆ ಒಡೆದು ಹೋಗ್ತಿತ್ತೇನೋ. ಇವ್ರು ಮುಂದಿನ ಜನವರಿಗೆ, 1970ರಲ್ಲಿ, ಉದಯವಾಣಿ ಪೇಪರ್ ಶುರು ಮಾಡಿದ್ರು! ಡಾಕ್ಟ್ರ ಮಗ ಮೋಹನದಾಸ ಪೈ, ಉಪೇಂದ್ರ ಪೈಗಳ ಮಗ ಸತೀಶ ಪೈ, ಇಬ್ರೂ ಸೇರಿ. ಟಿ.ಎ. ಪೈ ಎಲ್‌ಐಸಿ ಚೇರ್ಮನ್ ಆದ್ರು, 1972ರಲ್ಲಿ ರೈಲ್ವೆ ಮಂತ್ರಿ. ಬ್ಯಾಂಕನ್ನು ಕೆ.ಕೆ. ಪೈ ನಡೆಸಿದ್ರು. ಡಾಕ್ಟ್ರ ಇನ್ನೊಬ್ಬ ಮಗ ರಾಮದಾಸ ಪೈ, ಅವ್ರೂ ಡಾಕ್ಟ್ರೇ, ಕಾಲೇಜುಗಳನ್ನು ನೋಡಿಕೊಂಡ್ರು. ಒಂದೊಂದು ಸಂಸ್ಥೆ ಒಬ್ಬೊಬ್ಬರ ಹೆಗಲಿಗೆ. ಒಟ್ಟು ಕುಟುಂಬದಲ್ಲಿ ಗದ್ದೆ ಒಬ್ಬನಿಗೆ ತೋಟ ಒಬ್ಬನಿಗೆ ಅಂತ ಹಂಚುದಿಲ್ವಾ, ಅದೇ ಪದ್ಧತಿ.

ನೀವು ಗಮನಿಸಿರ್ಬಹುದು, ನಾನು ಇಷ್ಟು ಹೊತ್ತು ಹೇಳಿದ ಹೆಸರೆಲ್ಲ ಗಂಡಸರದ್ದೇ. ಡಾಕ್ಟ್ರ ಹೆಂಡತಿ ಶಾರದಾ ಪೈ. ನಮ್ಮ ಸಭೆಗಳಲ್ಲಿ ಅವ್ರಿಗೆ ಒಂದು ವಾಕ್ಯ ಕೊಟ್ಟು ಮುಂದೆ ಹೋಗುದೇ ಅಭ್ಯಾಸ, ಇಷ್ಟು ದೊಡ್ಡ ಮನೆಯ ಮನೆವಾರ್ತೆಯೂ ಒಂದು ಮ್ಯಾನೇಜ್ಮೆಂಟೇ ಅಂತ ಯಾರೂ ಹೇಳುದಿಲ್ಲ.

ಕಾಲೇಜಿನ ಬಗ್ಗೆ ಎರಡೇ ಮಾತು. 1953ರಲ್ಲಿ ಮುರಕಲ್ಲಿನ ಬೋಳು ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು, ಸರಕಾರದ ದುಡ್ಡಿಲ್ಲದೆ, ಸೇರುವ ಮಕ್ಕಳ ಅಪ್ಪ ಅಮ್ಮನ ದುಡ್ಡಿನಿಂದ. ಕ್ಯಾಪಿಟೇಶನ್, ಅಂದ್ರೆ ದುಡ್ಡು ತಗೊಂಡು ಸೀಟು ಕೊಡುದು, ಅಂತ ಬೈದವ್ರು ಆಗಲೂ ಇದ್ರು, ಈಗಲೂ ಇದ್ದಾರೆ, ಅವ್ರ ಮಾತಲ್ಲಿ ಸತ್ಯ ಉಂಟು, ದುಡ್ಡಿದ್ದವನ ಮಗನಿಗೆ ಸೀಟು ಸುಲಭ ಆಯ್ತು. ಆದ್ರೆ ಪಿಗ್ಮಿ ಮತ್ತೆ ಇದು ಒಂದೇ ತಲೆಯಿಂದ ಬಂದದ್ದು ಅಂತ ನನಗೆ ಕಾಣ್ತದೆ, ಮೇಲಿನಿಂದ ಯಾರೋ ಕೊಡ್ತಾರೆ ಅಂತ ಕಾಯುದು ಬೇಡ, ಜನರ ಹತ್ರವೇ ಸೇರಿಸುವ ಅಂತ. ಎರಡಾಣೆಯಲ್ಲಿ ಅದು ಬಡವನ ಪರ ಆಯ್ತು, ಸೀಟಿನಲ್ಲಿ ಅಷ್ಟು ಆಗ್ಲಿಲ್ಲ. ನನ್ನ ಲೆಕ್ಕ ಇಷ್ಟೇ, ಒಪ್ಪದವ್ರು ಇದ್ರೆ ಟೀ ಹೊತ್ತಿಗೆ ಜಗಳ ಮಾಡುವ.

1979ರಲ್ಲಿ ಡಾಕ್ಟ್ರು ಹೋದ್ರು. ಬ್ಯಾಂಕು ಅವ್ರ ನಂತ್ರ 41 ವರ್ಷ ಇತ್ತು, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನೊಳಗೆ ಸೇರಿತು, ಲಾಕ್‌ಡೌನ್ ಗಲಾಟೆಯಲ್ಲಿ ಬೀಳ್ಕೊಡುಗೆಯೂ ಇಲ್ಲ. ಸಿಂಡಿಕೇಟಿನ ಗುರುತಾಗಿದ್ದ ನಾಯಿ ಚಿತ್ರದ ಬೋರ್ಡು ಒಂದೊಂದಾಗಿ ಇಳಿಸಿದ್ರು. ಪಿಗ್ಮಿ ಮಾತ್ರ ಹೋಗ್ಲಿಲ್ಲ, ನಿಮ್ಮ ಊರಿನ ಯಾವ ಸಹಕಾರಿ ಸಂಘಕ್ಕೆ ಹೋದ್ರೂ ಉಂಟು, ರಸೀದಿ ಪುಸ್ತಕ ಹೋಗಿ ಕೈಯಲ್ಲಿ ಸಣ್ಣ ಮೆಷಿನ್ ಬಂದಿದೆ ಅಷ್ಟೇ. ಫೋನಲ್ಲೇ ಕಳಿಸ್ಬಹುದಲ್ಲ ಅಂದ್ರೆ ಅಂಗಡಿಯವ್ರು ಹೇಳುದು, ಫೋನು ಬಂದು ಬೈಯುದಿಲ್ಲ, ಏಜೆಂಟು "ನಿನ್ನೆಯದ್ದು ಬಾಕಿ ಉಂಟು" ಅಂತ ಬೈತಾನೆ, ಹಾಗಾಗಿ ಅವನೇ ಬೇಕು ಅಂತ.

ಪ್ರಶ್ನೆ ಇದ್ರೆ ಕೇಳಿ. ಕೆವೈಸಿ ಬಗ್ಗೆ ಮಾತ್ರ ಬೇಡ, ನಾನು ರಿಟೈರ್ ಆಗಿದ್ದೇನೆ.