ಪಾಯಿಂಟ್ ಟೂ ಟೂ ರೈಫಲ್: ಸೆಮಿ ಬೇಕಾ, ಬೋಲ್ಟ್ ಸಾಕಾ?

ಕೇಳುಗರಿಗೆ ನಮಸ್ಕಾರ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಪಕ್ಕದ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದರಲ್ಲ, ಆಮೇಲಿಂದ ಬಳ್ಳಾರಿ, ಕೊಪ್ಪಳದ ಕಾಲೇಜು ಹುಡುಗರ ಬಾಯಲ್ಲಿ ಪಾಯಿಂಟ್ ಟೂ ಟೂ, ಅಂದರೆ 0.22 ಇಂಚು ಅಳತೆಯ ರೈಫಲ್‌ನ ಮಾತು ಜಾಸ್ತಿಯಾಗಿದೆ. ಎನ್‌ಸಿಸಿ ಕ್ಯಾಂಪ್‌ನಲ್ಲಿ ಫೈರಿಂಗ್ ಹೇಳಿಕೊಡುವಾಗ ನನಗೆ ಬರುವ ಪ್ರಶ್ನೆ ಒಂದೇ. ಸರ್, ಯಾವ ಸೆಮಿ ಆಟೋಮ್ಯಾಟಿಕ್ ಒಳ್ಳೇದು? ಟ್ರಿಗರ್ ಎಳೆದಾಗೆಲ್ಲ ಒಂದು ಗುಂಡು ಹಾರಿ, ಮುಂದಿನದು ತಾನೇ ತುಂಬಿಕೊಳ್ಳುವಂಥದ್ದು ಅದು. ಯೂಟ್ಯೂಬ್‌ನಲ್ಲಿ ನೋಡಿರುತ್ತಾರೆ. ಪಟಪಟ ಅಂತ ಹತ್ತು ಗುಂಡು, ಹತ್ತು ಡಬ್ಬಿ ಕೆಳಗೆ. ಮಜಾ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ಕುಸಾಳೆ ಗೆದ್ದ ಆ ಸ್ಪರ್ಧೆಯಲ್ಲಿ ರೈಫಲ್‌ಗೆ ಒಂದೊಂದೇ ಗುಂಡು ಕೈಯಿಂದ ತುಂಬಬೇಕು, ಅದೇ ನಿಯಮ. 50 ಮೀಟರ್ ಆಚೆ ಹತ್ತು ಅಂಕದ ವೃತ್ತ ಬರೀ 10.4 ಮಿಲಿಮೀಟರ್. ಅಲ್ಲಿ ಅವಸರಕ್ಕೆ ಜಾಗವೇ ಇಲ್ಲ.

ಸೆಮಿ ಬೇಡ ಅಂತ ಹೇಳೋಕೆ ಬಂದಿಲ್ಲ ನಾನು. ಆರಿಸುವಾಗ ರೈಫಲ್‌ಗಿಂತ ಮೊದಲು ಕಾಡತೂಸು ನೋಡಿ ಅಂತ ಹೇಳೋಕೆ ಬಂದಿದ್ದೇನೆ.

ಒಂದು ಪಾಯಿಂಟ್ ಟೂ ಟೂ ಕಾಡತೂಸನ್ನು ಬೆರಳಲ್ಲಿ ಹಿಡಿದು ನೋಡಿ. ಕಿರುಬೆರಳಿಗಿಂತ ಸಣ್ಣದು. ತಳದಲ್ಲಿ ಸುತ್ತ ಒಂದು ತೆಳು ಅಂಚು ಇದೆ. ಕಿಡಿ ಹತ್ತುವ ಮದ್ದು ಆ ಅಂಚಿನ ಒಳಗೇ ಇರುತ್ತದೆ, ಪಿನ್ನು ಬಂದು ಅಂಚನ್ನು ಜಜ್ಜಿದರೆ ಗುಂಡು ಹಾರುತ್ತದೆ. ಆ ಮದ್ದು ಅಂಚಿನ ಸುತ್ತ ಸಮವಾಗಿ ಹರಡಿಲ್ಲ ಅಂದರೆ ಟಕ್ ಅಂತ ಸದ್ದು ಬಂದು ಸುಮ್ನಾಗಿಬಿಡುತ್ತದೆ. ಹಾಗಾದಾಗ ನಳಿಗೆಯ ಹಿಂಬದಿ ಮುಚ್ಚುವ ತುಂಡು, ಅದೇ ಬೋಲ್ಟ್, ತಕ್ಷಣ ಎಳೀಬೇಡಿ. ನಳಿಗೆ ಗುರಿ ಕಡೆಗೇ ಇರಲಿ, ಅರ್ಧ ನಿಮಿಷ ಕಾಯಿರಿ. ತಡವಾಗಿ ಹೊತ್ತಿಕೊಳ್ಳೋದೂ ಉಂಟು.

ಈಗ ಸೆಮಿ ಒಳಗೆ ಏನಾಗುತ್ತೆ ನೋಡೋಣ. ಬೋಲ್ಟ್ ಗಟ್ಟಿಯಾಗಿ ಲಾಕ್ ಆಗಿರಲ್ಲ, ತನ್ನ ತೂಕ ಮತ್ತು ಹಿಂದಿನ ಸ್ಪ್ರಿಂಗ್ ಬಲದ ಮೇಲೆ ನಿಂತಿರುತ್ತದೆ. ಗುಂಡು ಮುಂದೆ ಹೋಗುವಾಗ ಕಾಡತೂಸಿನ ಖಾಲಿ ಡಬ್ಬಿ ಹಿಂದಕ್ಕೆ ಒದೆಯುತ್ತದೆ, ಆ ಒದೆತಕ್ಕೆ ಬೋಲ್ಟ್ ಹಿಂದೆ ಹೋಗಿ, ಡಬ್ಬಿ ಆಚೆ ಎಸೆದು, ವಾಪಸ್ ಬರುವಾಗ ಮುಂದಿನ ಕಾಡತೂಸು ತಳ್ಳಿಕೊಂಡು ಬರುತ್ತದೆ. ಒದೆತ ಕಡಿಮೆ ಆದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಡಬ್ಬಿ ಬೋಲ್ಟ್ ಸಂದಿಯಲ್ಲಿ ಚಿಮಣಿ ಥರ ನೆಟ್ಟಗೆ ಸಿಕ್ಕಿಕೊಂಡು ನಿಲ್ಲೋದು ಇದಕ್ಕೇ.

ತೊಂದರೆ ಇಲ್ಲೇ ಶುರುವಾಗೋದು. ಟಾರ್ಗೆಟ್‌ಗೆ ಅಂತ ಮಾಡಿದ ಒಳ್ಳೆ ಕಾಡತೂಸಿನ ವೇಗ ಸೆಕೆಂಡಿಗೆ ಸುಮಾರು 320, 330 ಮೀಟರ್, ಅಂದರೆ ಶಬ್ದದ ವೇಗಕ್ಕಿಂತ ಸ್ವಲ್ಪ ಕೆಳಗೆ. ಬೇಕಂತಲೇ ಹಾಗೆ ಮಾಡಿರುತ್ತಾರೆ. ಸುಮಾರು 380 ಮೀಟರ್ ವೇಗದ ಹೈ ವೆಲಾಸಿಟಿ ಕಾಡತೂಸು ಗುರಿಯ ದಾರಿಯಲ್ಲೇ ಶಬ್ದದ ವೇಗಕ್ಕಿಂತ ಕೆಳಗಿಳಿಯುತ್ತದೆ. ಇಳಿಯುವಾಗ ಗುಂಡು ಸ್ವಲ್ಪ ತೊನೆಯುತ್ತದೆ, ಗ್ರೂಪ್, ಅಂದರೆ ಗುರಿಯ ಕಾಗದದ ಮೇಲೆ ಬಿದ್ದ ತೂತುಗಳ ಗುಂಪು, ಹರಡುತ್ತದೆ. ಆದರೆ ಎಷ್ಟೋ ಸೆಮಿಗಳಿಗೆ ಆ ಹೈ ವೆಲಾಸಿಟಿ ಒದೆತವೇ ಬೇಕು, ನಿಧಾನದ್ದು ಹಾಕಿದರೆ ಸಿಕ್ಕಿಕೊಳ್ಳುತ್ತವೆ. ಗುರಿ ಒಂದು ಕೇಳುತ್ತೆ, ಯಂತ್ರ ಇನ್ನೊಂದು ಕೇಳುತ್ತೆ. ಹಾಗಾಗಿ ಸೆಮಿ ಕೊಳ್ಳುವವರು ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಇದು ಸ್ಟ್ಯಾಂಡರ್ಡ್ ವೆಲಾಸಿಟಿ, ಅಂದರೆ ಆ ನಿಧಾನದ ಕಾಡತೂಸು, ಹಾಕಿದರೆ ನಿಲ್ಲದೆ ಓಡುತ್ತಾ?

ಗಾಳಿಯ ಮಾತೂ ಬರುತ್ತೆ ಇಲ್ಲಿ. ಜೋರಾಗಿ ಹೋಗುವ ಗುಂಡನ್ನು ಗಾಳಿ ಕಡಿಮೆ ಸರಿಸುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಪಾಯಿಂಟ್ ಟೂ ಟೂ ವಿಷಯದಲ್ಲಿ ಅದು ಉಲ್ಟಾ. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ತಡೆ ಜಾಸ್ತಿ, ಹೈ ವೆಲಾಸಿಟಿ ಗುಂಡು ವೇಗ ಬೇಗ ಕಳೆದುಕೊಳ್ಳುತ್ತೆ, ಅದಕ್ಕೇ ಅಡ್ಡಗಾಳಿಗೆ ನಿಧಾನದ ಗುಂಡಿಗಿಂತ ಹೆಚ್ಚು ಸರಿಯುತ್ತೆ. ಆಷಾಢದಲ್ಲಿ ರಾಯಚೂರಿನ ಬಯಲಲ್ಲಿ ನಿಂತು ಹೊಡೆಯುವವರಿಗೆ ಇದು ಸಣ್ಣ ವಿಷಯ ಅಲ್ಲ. ನಮ್ಮ ಬಿಸಿಲಿಂದ ಒಂದು ಲಾಭವೂ ಇದೆ ಅನ್ನಿ. 20 ಡಿಗ್ರಿಯಲ್ಲಿ ಶಬ್ದದ ವೇಗ 343 ಮೀಟರ್, 40 ಡಿಗ್ರಿಯಲ್ಲಿ 355. ಸ್ಟ್ಯಾಂಡರ್ಡ್ ಗುಂಡು ಆ ಗೆರೆಯಿಂದ ಇನ್ನೂ ದೂರ ಉಳಿಯುತ್ತೆ. ಆದರೆ ಕಾಡತೂಸಿನ ಡಬ್ಬ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಊಟಕ್ಕೆ ಹೋಗಬೇಡಿ. ಸೀಸದ ಗುಂಡಿಗೆ ಸವರಿದ ಮೇಣ ಕರಗಿ ಹೋಗುತ್ತೆ.

ಆಮೇಲೆ ಚೇಂಬರ್, ಅಂದರೆ ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಜಾಗ. ಸೆಮಿಯಲ್ಲಿ ಕಾಡತೂಸು ಸಲೀಸಾಗಿ ಒಳಗೆ ಬಂದು ಆಚೆ ಹೋಗಬೇಕು, ಅದಕ್ಕೆ ಚೇಂಬರ್ ಸ್ವಲ್ಪ ಸಡಿಲ ಕೊರೆದಿರುತ್ತಾರೆ. ಸ್ಪರ್ಧೆಗೆ ಅಂತ ಮಾಡಿದ ಮ್ಯಾಚ್ ರೈಫಲ್‌ನಲ್ಲಿ ಬಿಗಿ. ಬೆಂಟ್ಸ್ ಅಂತ ಒಂದು ನಡುವಿನ ಅಳತೆ ಇದೆ, ಟಾರ್ಗೆಟ್‌ಗೆ ಸೆಮಿ ಬೇಕಾದರೆ ಅದನ್ನು ಕೇಳಿ ನೋಡಿ. ಟ್ರಿಗರ್ ಅಂತೂ ಕಾರ್ಖಾನೆಯಿಂದ ಬಂದ ಹಾಗೆ ಬಳಸಿದರೆ ಎರಡು ಕಿಲೋ ಮೇಲೆ ಎಳೆಯಬೇಕಾಗುತ್ತೆ, ಅದೂ ಕೆಸರಲ್ಲಿ ಬಂಡಿ ಎಳೆದ ಹಾಗೆ ತಡೆದು ತಡೆದು. ನನ್ನ ಕೇಳಿದರೆ ದುಡ್ಡು ಮೊದಲು ಹಾಕಬೇಕಾದ್ದು ಟ್ರಿಗರ್‌ಗೆ, ಟೆಲಿಸ್ಕೋಪಿಗಲ್ಲ.

ಪರೀಕ್ಷೆ ಹೀಗೆ ಮಾಡಿ. ಮರಳಿನ ಚೀಲದ ಮೇಲೆ ರೈಫಲ್ ಇಟ್ಟು ನಾಲ್ಕೈದು ಕಂಪನಿಯ ಕಾಡತೂಸು ತಂದು, ಒಂದೊಂದರಲ್ಲೂ ಐದೈದು ಗುಂಡಿನ ಕೆಲವು ಗ್ರೂಪ್ ಹೊಡೆಯಿರಿ. ಕಂಪನಿ ಬದಲಿಸಿದಾಗ ಮೊದಲ ಕೆಲವು ಗುಂಡು ಲೆಕ್ಕಕ್ಕೆ ಹಿಡಿಯಬೇಡಿ, ನಳಿಗೆಗೆ ಹೊಸ ಮೇಣ ಹತ್ತಬೇಕು. ಒಂದೇ ಒಂದು ಗ್ರೂಪ್ ಚೆನ್ನಾಗಿ ಬಂತು ಅಂತ ಫೋಟೋ ತೆಗೆದು ಊರಿಗೆಲ್ಲ ಕಳಿಸೋರು ಇದ್ದಾರಲ್ಲ, ಅದಕ್ಕೆ ಬೆಲೆ ಇಲ್ಲ. ಚೆನ್ನಾಗಿ ಹೊಡೆದ ಡಬ್ಬದ ಲಾಟ್ ನಂಬರ್ ಬರೆದಿಟ್ಟುಕೊಳ್ಳಿ. ಅದೇ ಕಂಪನಿಯ ಇನ್ನೊಂದು ಲಾಟ್ ಬೇರೆ ಥರ ಹೊಡೆಯಬಹುದು.

ಹೆಸರು ಹೇಳಿ ಅಂದರೆ, ಅಮೆರಿಕದಲ್ಲಿ ಮನೆಮಾತಾದದ್ದು ರುಗರ್ 10/22. 1964ರಿಂದ ಬರ್ತಾ ಇದೆ, ಸುತ್ತುವ ಹತ್ತು ಗುಂಡಿನ ಮ್ಯಾಗಜೀನ್. ಎರಡು ಸ್ಕ್ರೂ ಬಿಚ್ಚಿದರೆ ನಳಿಗೆ ಕೈಗೆ ಬರುತ್ತೆ, ಹಾಗಾಗಿ ಮ್ಯಾಚ್ ನಳಿಗೆ, ಟ್ರಿಗರ್ ಎಲ್ಲ ಬೇರೆಯಾಗಿ ಸಿಗುತ್ತವೆ. ಮಾರ್ಲಿನ್ ಮಾಡೆಲ್ 60ರಲ್ಲಿ ಗುಂಡು ನಳಿಗೆ ಕೆಳಗಿನ ಕೊಳವೆಯಲ್ಲಿ ತುಂಬಬೇಕು, ಕೈ ನಳಿಗೆಯ ಬಾಯಿ ಹತ್ತಿರ ಹೋಗುತ್ತೆ, ಖಾಲಿ ಆಗಿದೆಯಾ ಅಂತ ತೋರಿಸೋದೂ ಕಷ್ಟ. ರೇಂಜ್‌ಗೆ ನನಗೆ ಅದು ಹಿಡಿಸಲ್ಲ. ಮಿಲಿಟರಿ ವೇಷದ ಪ್ಲಾಸ್ಟಿಕ್ ರೈಫಲ್‌ಗಳ ಬಗ್ಗೆ ಮಾತು ಬೇಡ, ಕಾಗದಕ್ಕೆ ವೇಷ ಗೊತ್ತಾಗಲ್ಲ. ಹಾಂ, ಮಗನೋ ಅಳಿಯನೋ ಡಲ್ಲಾಸ್‌ನಲ್ಲಿ ಎಚ್-1ಬಿ ವೀಸಾದಲ್ಲಿ ಇದ್ದರೆ ಹೇಳಿಬಿಡಿ: ಅಂಥ ವೀಸಾದವರು ಬಂದೂಕು ಇಟ್ಟುಕೊಳ್ಳೋದಕ್ಕೆ ಅಲ್ಲಿನ ಕೇಂದ್ರ ಕಾನೂನು ಅಡ್ಡ ಇದೆ, ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ. ವಿಚಾರಿಸದೆ ಅಂಗಡಿಗೆ ಹೋಗಬಾರದು.

ಇನ್ನು ನಮ್ಮ ಕಡೆಯ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳ ಪ್ರಕಾರ ಸೆಮಿ ಆಟೋಮ್ಯಾಟಿಕ್ ರೈಫಲ್ ನಿರ್ಬಂಧದ ಸಾಲಿನಲ್ಲಿದೆ. ಡಿಸಿ ಆಫೀಸಿಗೆ ಮಾಮೂಲಿ ಅರ್ಜಿ ಹಾಕಿ ತರುವಂಥದ್ದಲ್ಲ. ಪಾಯಿಂಟ್ ಟೂ ಟೂ ಸೆಮಿ ಬೇಕೇ ಬೇಕು ಅನ್ನುವವರಿಗೆ ಸ್ಪರ್ಧೆಯ ದಾರಿ ಪಿಸ್ತೂಲಿನದು. 2012ರಲ್ಲಿ ಲಂಡನ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ಐದು ಗುಂಡಿನ ಸೆಮಿಯೇ ಕೆಲಸ ಮಾಡೋದು. ರೈಫಲ್ ಆದರೆ ಬೋಲ್ಟ್ ಆಕ್ಷನ್, ಅಂದರೆ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದಲೇ ಎಳೆದು ತಳ್ಳುವಂಥದ್ದು. ಪಶ್ಚಿಮ ಬಂಗಾಳದ ಇಶಾಪುರದ ಬಂದೂಕು ಕಾರ್ಖಾನೆಯ ಸ್ಪೋರ್ಟಿಂಗ್ ರೈಫಲ್ ಕಲಿಯೋಕೆ ಧಾರಾಳ ಸಾಕು, ಎನ್‌ಸಿಸಿ ಮಕ್ಕಳು ಮಲಗಿ ಗ್ರೂಪಿಂಗ್ ಕಲಿಯೋದೂ ಬೋಲ್ಟ್‌ನಲ್ಲೇ. ಮಾಮೂಲಿ ಲೈಸೆನ್ಸ್‌ಗೆ 21 ವರ್ಷ ತುಂಬಿರಬೇಕು. ಚುನಾವಣೆ ಬಂತು ಅಂದರೆ ಠಾಣೆಗೆ ಒಪ್ಪಿಸಿ ಬರುವ ಓಡಾಟ ಬೇರೆ. ಹೊಲಕ್ಕೆ ಬರುವ ಹಂದಿಗೆ ಆಗುತ್ತಾ ಸರ್ ಅಂತ ಸಂಡೂರು ಕಡೆಯವರೊಬ್ಬರು ಕೇಳಿದ್ದರು. ಆಗಲ್ಲ ರೀ, 1972ರ ವನ್ಯಜೀವಿ ಕಾನೂನು ಬೇರೆಯೇ ಇದೆ.

ಇದೆಲ್ಲ ದೂರ ಅನ್ನಿಸಿದರೆ ಏರ್ ರೈಫಲ್ ಹಿಡಿಯಿರಿ. ಪಾಯಿಂಟ್ ಒನ್ ಸೆವೆನ್ ಸೆವೆನ್, 20 ಜೂಲ್ ದಾಟದಂಥದ್ದಕ್ಕೆ ಲೈಸೆನ್ಸ್ ಬೇಕಿಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಏರ್ ರೈಫಲ್‌ನಲ್ಲೇ.

ಕೊನೆಗೆ ನಮ್ಮ ಕೆಂಪು ಧೂಳಿನ ಮಾತು. ತೋರಣಗಲ್ಲು, ಸಂಡೂರು ಕಡೆ ಅದಿರಿನ ಧೂಳು ಎಣ್ಣೆಗೆ ಅಂಟಿಕೊಂಡರೆ ಬೋಲ್ಟ್ ಒಳಗೆ ಅರೆಯೋಕೆ ಶುರು ಮಾಡುತ್ತೆ. ಎಣ್ಣೆ ತೆಳ್ಳಗೆ ಸವರಿ, ಬಟ್ಟೆಯಿಂದ ಒರೆಸಿಬಿಡಿ, ಸುರಿಯಬೇಡಿ. ಸೆಮಿಯಲ್ಲಿ ಮಸಿ ಒಳಗೇ ಬರೋದರಿಂದ ಕ್ಲೀನಿಂಗ್ ಇನ್ನೂ ಬೇಗ ಬೇಗ ಬೇಕು. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂರಿ. ಆ ಮಸಿಯಲ್ಲಿ ಸೀಸ ಇರುತ್ತೆ. ನಮಸ್ಕಾರ.